ಗೌಡ್ರು ಕೋಟ್ಯಧಿಪತಿಯಾದ ದಿನ

ತೀರ್ಥಹಳ್ಳಿ ಕಡೆಯ ಗೌಡ್ರೊಬ್ಬರು ಮೊನ್ನೆ ಶಿವಮೊಗ್ಗದ ನನ್ನ ಆಫೀಸಿಗೆ ಬಂದಿದ್ದರು. ಮಗಳು ಓದಲು ಕೆನಡಾಕ್ಕೆ ಹೊರಟಿದ್ದಾಳೆ. ವೀಸಾ ಫೈಲಿಗೆ ನೆಟ್‌ವರ್ತ್ ಸರ್ಟಿಫಿಕೇಟ್ ಬೇಕಿತ್ತು. ಅಂದರೆ ಮನೆಯ ಒಟ್ಟು ಆಸ್ತಿಯಲ್ಲಿ ಸಾಲ ಕಳೆದು ಎಷ್ಟು ಉಳಿಯುತ್ತದೆ ಅಂತ ಆಡಿಟರ್ ಬರೆದುಕೊಡುವ ಪತ್ರ. ಪಹಣಿ, ಮನೆ ಪತ್ರ, ಸೊಸೈಟಿಯ ಠೇವಣಿ ರಸೀದಿ, ಹೆಂಡತಿಯ ಒಡವೆ ತೂಕದ ಚೀಟಿ, ಎಲ್ಲವನ್ನೂ ಒಂದು ಬಟ್ಟೆ ಚೀಲದಲ್ಲಿ ತಂದಿದ್ದರು.

ಮೂರು ಎಕರೆ ಅಡಿಕೆ ತೋಟ, ಮನೆ, ಒಡವೆ, ಠೇವಣಿ ಕೂಡಿಸಿ ಬೆಳೆಸಾಲ ಕಳೆದೆ. ಒಂದು ಕೋಟಿ ನಲವತ್ತು ಲಕ್ಷ ಬಂತು. ಗೌಡ್ರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು.

“ಎಂತ ಮಾರಾಯ್ರೆ ಇದು! ಕೋಟಿ ಇದ್ದವನು ಕೊಟ್ಟೆ ಕಟ್ಟಿಸೋಕೆ ಸಾಲ ಮಾಡ್ತಾನಾ?” ಕೊಟ್ಟೆ ಅಂದರೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆ ತಗುಲದ ಹಾಗೆ ಕಟ್ಟುವ ಹೊದಿಕೆ.

ಹೋದ ವರ್ಷ ಅವರ ತೋಟಕ್ಕೆ ಕೊಳೆರೋಗವೂ ಬಂತು, ಎಲೆಚುಕ್ಕೆ ರೋಗವೂ ಬಂತು. ಅಡಿಕೆ ಗೊನೆ ತೆಗೆಸಿ, ಸುಲಿಸಿ, ಬೇಯಿಸಿ, ಮಂಡಿಗೆ ಹಾಕಿ ಖರ್ಚೆಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಮೂರು ಲಕ್ಷ. ಆಸ್ತಿ ನೋಡಿದರೆ ಶ್ರೀಮಂತ, ಆದಾಯ ನೋಡಿದರೆ ಕೈ ಬಿಗಿ. ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಚಹಾ ಕುಡಿಯುತ್ತಾ ಅವರೇ ಕೇಳಿದರು. “ನಮ್ಮ ದೇಶ ಪ್ರಪಂಚದಲ್ಲಿ ನಾಲ್ಕನೇದೋ ಐದನೇದೋ ಅಂತ ಪೇಪರಲ್ಲಿ ಬರ್ತದಲ್ಲ, ಅದೂ ಹಿಂಗೇ ಲೆಕ್ಕನಾ?”

“ಅಲ್ಲ ಗೌಡ್ರೆ, ಅದು ಉಲ್ಟಾ” ಅಂದೆ.

ಗೌಡ್ರ ಸರ್ಟಿಫಿಕೇಟಿನಲ್ಲಿ ಇರುವುದು ಆಸ್ತಿ. ಪೇಪರಿನಲ್ಲಿ ಬರುವ ಜಿಡಿಪಿ ಒಂದು ವರ್ಷದ ದುಡಿಮೆಯ ಲೆಕ್ಕ. ದೇಶದ ಗಡಿಯೊಳಗೆ ಆ ವರ್ಷ ತಯಾರಾದ ವಸ್ತು ಮತ್ತು ಸೇವೆಗಳ ಬೆಲೆ ಅದು. ದೇಶದ ಹತ್ತಿರ ಏನೇನು ಇದೆ ಅಂತ ಅದು ಹೇಳುವುದಿಲ್ಲ. ಎಷ್ಟು ಸಾಲ ಇದೆ ಅಂತಲೂ ಹೇಳುವುದಿಲ್ಲ.

ಆ ದುಡಿಮೆಯನ್ನೂ ತಲೆಗೆ ಹಂಚಿ ನೋಡಬೇಕು. ಭಾರತದ ಜಿಡಿಪಿ ಸುಮಾರು 4 ಲಕ್ಷ ಕೋಟಿ ಡಾಲರ್. ಜಪಾನಿನದೂ ಹೆಚ್ಚುಕಡಿಮೆ ಅಷ್ಟೇ. ಅವರು 12 ಕೋಟಿ ಚಿಲ್ಲರೆ ಜನ, ನಾವು 140 ಕೋಟಿ ದಾಟಿದವರು. ಎರಡು ಕಣದಲ್ಲಿ ಒಂದೇ ಗಾತ್ರದ ಭತ್ತದ ರಾಶಿ ಇದೆ, ಒಂದು ಮನೆಯಲ್ಲಿ ಉಣ್ಣುವವರು ಹನ್ನೆರಡು, ಇನ್ನೊಂದರಲ್ಲಿ ನೂರಾ ನಲವತ್ತು. ವಿಶ್ವಬ್ಯಾಂಕ್ ತಲಾ ಆದಾಯ ನೋಡಿ ದೇಶಗಳನ್ನು ನಾಲ್ಕು ಪಂಕ್ತಿಯಲ್ಲಿ ಕೂರಿಸುತ್ತದೆ. ನಾವು ಕೆಳಗಿನಿಂದ ಎರಡನೇ ಪಂಕ್ತಿ. ಶ್ರೀಮಂತರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ತಲೆಗೆ ಸುಮಾರು 14 ಸಾವಿರ ಡಾಲರ್ ಬೇಕು. ನಮ್ಮದು ಮೂರು ಸಾವಿರದ ಒಳಗೇ ಇದೆ.

ಇಲ್ಲೊಂದು ತಿದ್ದುಪಡಿ ಮಾಡಿಕೊಳ್ಳಬೇಕು. ಒಂದು ಡಾಲರಿಗೆ ಬ್ಯಾಂಕಿನಲ್ಲಿ 80 ರೂಪಾಯಿಗೂ ಜಾಸ್ತಿ ಬರುತ್ತದೆ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು 20-22 ರೂಪಾಯಿ ಸಾಕು. ಕ್ಷೌರ, ಬಸ್ ಟಿಕೆಟ್, ಹೋಟೆಲ್ ಊಟ ಇಲ್ಲಿ ಅಗ್ಗ. ಹಾಗೆ ತೂಗಿದರೆ ನಮ್ಮ ತಲಾ ಆದಾಯ ಸುಮಾರು ನಾಲ್ಕು ಪಟ್ಟು ಏರುತ್ತದೆ. ಖುಷಿಯೇ. ಆದರೆ ಹೊರಗಿನಿಂದ ಕಚ್ಚಾ ತೈಲ ತರಿಸುವಾಗ ಈ ರಿಯಾಯಿತಿ ಇಲ್ಲ. ಕೆನಡಾದ ಕಾಲೇಜು ಫೀಸಿಗೂ ಇಲ್ಲ, ಗೌಡ್ರಿಗೆ ಅದು ಚೆನ್ನಾಗಿ ಗೊತ್ತಾಗಿದೆ.

ಇಷ್ಟು ಲೆಕ್ಕ ಎಲ್ಲರೂ ಹೇಳುತ್ತಾರೆ. ನನ್ನನ್ನು ವರ್ಷಗಟ್ಟಲೆ ಕಾಡಿದ ಲೆಕ್ಕ ಬೇರೆ.

ಸಾಗರದ ಕಡೆಯ ಒಂದು ಮನೆ, ಹಳೆಯ ಕಕ್ಷಿದಾರರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಯಜಮಾನರಿಗೆ ಕಿಡ್ನಿ ಕೈಕೊಟ್ಟಿತು. ವರ್ಷವಿಡೀ ಊರಿಂದೂರಿಗೆ ಓಡಾಟ. ಮೊದಲು ಠೇವಣಿ ಮುರಿದರು, ಆಮೇಲೆ ಒಡವೆ ಅಡವಿಟ್ಟರು, ಕೊನೆಗೆ ಎರಡು ಎಕರೆ ತೋಟ ಮಾರಿದರು. ಯಜಮಾನರು ಉಳಿಯಲಿಲ್ಲ. ಮಗ ಈಗ ಬೆಂಗಳೂರಿನಲ್ಲಿ ಯಾವುದೋ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ.

ಆ ಮನೆಯ ಆ ವರ್ಷವನ್ನು ಜಿಡಿಪಿಯ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ ನೋಡಿ. ಆಸ್ಪತ್ರೆಯ ಬಿಲ್ಲು ಸೇರುತ್ತದೆ. ಬಾಡಿಗೆ ಕಾರಿನ ಖರ್ಚು ಸೇರುತ್ತದೆ. ತೋಟದ ಕ್ರಯಪತ್ರ ಬರೆದ ಪತ್ರ ಬರಹಗಾರರ ಫೀಸು, ದಲ್ಲಾಳಿಯ ಕಮಿಷನ್ನು ಕೂಡ ಸೇರುತ್ತವೆ. ತೋಟ ಮಾರಿದ ದುಡ್ಡು ಮಾತ್ರ ಎಲ್ಲೂ ಬರುವುದಿಲ್ಲ. ಯಾಕೆಂದರೆ ಹೊಸದಾಗಿ ಏನೂ ತಯಾರಾಗಲಿಲ್ಲ, ಇದ್ದ ತೋಟ ಕೈ ಬದಲಾಯಿತು ಅಷ್ಟೆ. ಲೆಕ್ಕಶಾಸ್ತ್ರದ ಪ್ರಕಾರ ಇದು ಸರಿ, ನಾನೂ ತಪ್ಪು ಹುಡುಕಲಾರೆ. ಆದರೆ ಒಂದು ಮನೆ ಮುಳುಗಿದ ವರ್ಷ ದೇಶದ ಪುಸ್ತಕದಲ್ಲಿ ಜಮೆಯ ಕಡೆ ಮಾತ್ರ ಬರೆಸಿಕೊಂಡಿತು, ಅಲ್ವಾ?

ಅಂದಿನಿಂದ ಯಾವ ದೇಶ ಶ್ರೀಮಂತ ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು, ಅಲ್ಲಿ ಕಾಯಿಲೆ ಪಹಣಿಯ ತನಕ ಬರುತ್ತದೋ ಇಲ್ಲವೋ ಅಂತ. ನಮ್ಮಲ್ಲಿ 2013-14ರಲ್ಲಿ ಆರೋಗ್ಯದ ಒಟ್ಟು ಖರ್ಚಿನಲ್ಲಿ ಶೇ 64ರಷ್ಟನ್ನು ಜನ ಸ್ವಂತ ಜೇಬಿನಿಂದ ಹಾಕುತ್ತಿದ್ದರು. 2021-22ರ ಸರ್ಕಾರಿ ಲೆಕ್ಕದಲ್ಲಿ ಅದು ಶೇ 39ಕ್ಕೆ ಬಂದಿದೆ. ಇಳಿದಿದೆ, ಸುಳ್ಳಲ್ಲ. ಆದರೂ ನನ್ನ ಟೇಬಲ್ಲಿಗೆ ಇಂಥ ಕ್ರಯಪತ್ರಗಳು ಬರುವುದು ನಿಂತಿಲ್ಲ. ಪಕ್ಕದ ಶ್ರೀಲಂಕಾದ ತಲಾ ಆದಾಯ ಅಮೆರಿಕದ ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸು. ಜನರ ಸರಾಸರಿ ಆಯಸ್ಸು ಮಾತ್ರ ಒಂದೆರಡು ವರ್ಷವಷ್ಟೇ ಹಿಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಲ್ಲಿ ದುಡ್ಡು ಕೇಳುವುದಿಲ್ಲ. ಹಾಗಂತ ಅದೇ ಮಾದರಿ ಅಂತ ಹೊಗಳುವ ಹಾಗೂ ಇಲ್ಲ. 2022ರಲ್ಲಿ ಅದೇ ದೇಶ ವಿದೇಶಿ ಸಾಲ ಕಟ್ಟಲಾರೆ ಎಂದು ಕೈಚೆಲ್ಲಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತರು.

ಅದಕ್ಕೇ ಅಢಾವೆ ಪತ್ರಿಕೆಯನ್ನೂ, ಅಂದರೆ ಆಸ್ತಿ ಎಷ್ಟು ಸಾಲ ಎಷ್ಟು ಅಂತ ತೋರಿಸುವ ಬ್ಯಾಲೆನ್ಸ್ ಶೀಟನ್ನೂ, ನೋಡಬೇಕು ಅನ್ನುವುದು. ನಮ್ಮ ಸೊಸೈಟಿಗಳ ಮಹಾಸಭೆಯಲ್ಲಿ ವರದಿ ಕೈಗೆ ಕೊಟ್ಟ ಕೂಡಲೇ ಹೆಚ್ಚಿನವರು ಲಾಭದ ಪುಟ ತೆಗೆಯುತ್ತಾರೆ. ಡಿವಿಡೆಂಡ್ ಎಷ್ಟು ಅಂತ ನೋಡಿ ಊಟಕ್ಕೆ ಏಳುತ್ತಾರೆ. ಒಬ್ಬಿಬ್ಬರು ಹಿರಿಯರು ಮಾತ್ರ ಸುಮ್ನೆ ಕೂತು ಅಢಾವೆ ಪತ್ರಿಕೆ ಓದುತ್ತಾರೆ. ಕಾಯ್ದಿಟ್ಟ ನಿಧಿ ಎಷ್ಟು, ಸುಸ್ತಿ ಸಾಲ ಎಷ್ಟು, ಗೋದಾಮಿನಲ್ಲಿ ಮಾಲು ಇದೆಯೋ ಬರೀ ಕಾಗದದಲ್ಲಿದೆಯೋ. ಆಡಿಟರಿಗೆ ಬೆವರು ಬರಿಸುವ ಪ್ರಶ್ನೆ ಬರುವುದು ಆ ಕಡೆಯಿಂದಲೇ.

ನೌರು ಅಂತ ಪೆಸಿಫಿಕ್ ಸಾಗರದಲ್ಲಿ ಒಂದು ಪುಟ್ಟ ದೇಶ ಇದೆ. 21 ಚದರ ಕಿಲೋಮೀಟರ್ ದ್ವೀಪ. ನೆಲದ ತುಂಬ ರಂಜಕದ ಅದಿರು, ಗೊಬ್ಬರಕ್ಕೆ ಬೇಕಾದದ್ದು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಅದು ಪ್ರಪಂಚದ ಮುಂಚೂಣಿಯಲ್ಲಿತ್ತು. ಮಾರಿದ್ದು ಮಾತ್ರ ಕಾಲ ಕೆಳಗಿನ ನೆಲವನ್ನೇ. ಅದಿರು ಮುಗಿಯುತ್ತಾ ಬಂತು, ಕೂಡಿಟ್ಟ ದುಡ್ಡೂ ಕೆಟ್ಟ ಹೂಡಿಕೆಗಳಲ್ಲಿ ಕರಗಿತು. ನಾರ್ವೆಗೆ ತೈಲ ಸಿಕ್ಕಾಗ ಅವರು ಅದನ್ನು ಮಾಮೂಲಿ ಆದಾಯ ಅಂತ ಎಣಿಸಲಿಲ್ಲ, ಆಸ್ತಿ ಮಾರಿದ ದುಡ್ಡು ಅಂತ ಎಣಿಸಿದರು. 1990ರಲ್ಲಿ ಒಂದು ನಿಧಿಗೆ ಕಾನೂನು ಮಾಡಿದರು. ಈಗ ಅದರಲ್ಲಿ ಒಂದೂವರೆ ಲಕ್ಷ ಕೋಟಿ ಡಾಲರಿಗೂ ಜಾಸ್ತಿ ಇದೆ. ವರ್ಷಕ್ಕೆ ಸರಾಸರಿ ಶೇ 3ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯಬೇಕು ಅಂತ ನಿಯಮ. ಮರ ಮಾರಿ ಹಬ್ಬ ಮಾಡಿದವರೂ ಇದ್ದಾರೆ, ಮರ ಮಾರಿದ ದುಡ್ಡಿನಲ್ಲಿ ಗಿಡ ನೆಟ್ಟವರೂ ಇದ್ದಾರೆ. ಮಾರಿದ ವರ್ಷದ ಆದಾಯದ ಪುಟದಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ನಮ್ಮ ಜಿಲ್ಲೆಗೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಕರೆಂಟು ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿತು, ಕಾರ್ಖಾನೆ ಓಡಿಸಿತು. ಅದು ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಆ ಕರೆಂಟಿನ ಪ್ರತಿ ಯುನಿಟ್ಟೂ ಜಿಡಿಪಿಗೆ ಸೇರಿತು. ನೀರಿನಡಿ ಹೋದ ಗದ್ದೆ, ತೋಟ, ಕಾಡು ಯಾವ ಪುಟದಲ್ಲೂ ಕಳೆದ ಲೆಕ್ಕವಾಗಿ ಬರಲಿಲ್ಲ. ಆಗ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಜನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಹೊಸ ಲೆಕ್ಕ ಪದ್ಧತಿಯಲ್ಲಿ, ಅದಿರಿನಂಥ ನಿಸರ್ಗ ಸಂಪತ್ತು ಕರಗಿದರೆ ಅದನ್ನು ಉತ್ಪಾದನೆಯ ಖರ್ಚು ಅಂತ ತೋರಿಸಬೇಕು. ಆದರೆ ಆ ಕಳೆಯುವಿಕೆ ಕಾಣುವುದು ಸವಕಳಿ ತೆಗೆದ ನಿವ್ವಳ ಲೆಕ್ಕದಲ್ಲಿ. ಪೇಪರಿನ ಮುಖಪುಟಕ್ಕೆ ಬರುವ ಜಿಡಿಪಿ ಇದ್ದ ಹಾಗೇ ಇರುತ್ತದೆ.

ಇದನ್ನೆಲ್ಲ ಹೇಳುವ ನಾನೇನೂ ಕಮ್ಮಿ ಇಲ್ಲ. ಗೌಡ್ರ ಸರ್ಟಿಫಿಕೇಟಿನಲ್ಲಿ ಸೊಪ್ಪಿನಬೆಟ್ಟವನ್ನು, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡನ್ನು, ನಾನೂ ಬರೆಯಲಿಲ್ಲ. ಅದು ಅವರ ಸ್ವಂತದ್ದಲ್ಲ, ಸೊಪ್ಪು, ಒಣಗಿದ ದರಗೆಲೆ ತರುವ ಹಕ್ಕಷ್ಟೇ ಇದೆ. ಆದರೆ ಬೆಟ್ಟ ಬೋಳಾದರೆ ಕೆಳಗಿನ ತೋಟಕ್ಕೆ ಗೊಬ್ಬರವೂ ಇಲ್ಲ, ಬೇಸಿಗೆಯಲ್ಲಿ ಒರತೆಯೂ ಇಲ್ಲ. ಒಂದು ಕೋಟಿ ನಲವತ್ತು ಲಕ್ಷ ನಿಂತಿರುವುದು ಆ ಬರೆಯದ ಸಾಲಿನ ಮೇಲೆ.

ಪತ್ರ ಓದಿ ಮುಗಿಸಿದ ಗೌಡ್ರು, “ಮಗಳಿಗೆ ಇಲ್ಲಿವರೆಗೆ ಓದಿಸಿದ ದುಡ್ಡು ಇದರಲ್ಲಿ ಎಲ್ಲಿದೆ?” ಅಂದರು.

ಅದಕ್ಕೆ ಕಾಲಂ ಇಲ್ಲ. ದೇಶಗಳ ಆಸ್ತಿಯನ್ನು ಅಳೆಯಲು ಹೊರಟ ವಿಶ್ವಬ್ಯಾಂಕಿನ ಲೆಕ್ಕಿಗರು ಜನರ ವಿದ್ಯೆ, ಕೆಲಸದ ಕಸುಬು, ಮುಂದೆ ದುಡಿಯುವ ವರ್ಷಗಳಿಗೂ ಬೆಲೆ ಕಟ್ಟುತ್ತಾರೆ. ಪ್ರಪಂಚದ ಒಟ್ಟು ಸಂಪತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಅಂತ ಅವರ ಲೆಕ್ಕ. ಇದನ್ನೇ ಗೌಡ್ರಿಗೆ ಹೇಳಿದೆ. ಆಕೆ ಅಲ್ಲೇ ಕೆಲಸಕ್ಕೆ ನಿಂತರೆ ಆ ದುಡಿಮೆ ಕೆನಡಾದ ಜಿಡಿಪಿಗೆ ಸೇರುತ್ತದೆ ಅಂತಲೂ ಹೇಳಿದೆ.

“ಓದಿಸಿದ್ದು ನಾವು, ಲೆಕ್ಕ ಅವರಿಗಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ತೋಟ ನೋಡ್ಕೊಳ್ಳೋರು ಯಾರು ಅಂತ ಇವಳು ದಿನಾ ಕೇಳ್ತಾಳೆ” ಅಂದರು. ಇವಳು ಅಂದರೆ ಅವರ ಹೆಂಡತಿ.

ನಾನು ಯುಡಿಐಎನ್, ಅಂದರೆ ಆಡಿಟರ್ ಕೊಡುವ ಪತ್ರಕ್ಕೆ ಬೇಕಾದ ಗುರುತಿನ ನಂಬರ್ ತೆಗೆದು ನಮೂದಿಸಿ, ಸಹಿ ಹಾಕಿ, ಸೀಲ್ ಒತ್ತಿ ಎರಡು ಪ್ರತಿ ಕೊಟ್ಟೆ. ಅವರು ಮೂರನೇದು ಒಂದು ಕೇಳಿ ಇಸ್ಕೊಂಡರು, ಮನೆಯಲ್ಲಿ ತೋರಿಸೋಕೆ.