ಪದ ಪರಿಚಯ: ಪಿಸಂಕಾ

ಈಸ್ಟರ್ ಹತ್ತಿರ ಬಂದರೆ ಸಾಕು, ಕರಕುಶಲದ ಪುಟಗಳಲ್ಲೆಲ್ಲ 'ಪಿಸಂಕಿ' ಎಂಬ ಮಾತು ಓಡಾಡತೊಡಗುತ್ತದೆ. ಮೊಟ್ಟೆಯ ಮೇಲೆ ಜೇನುಮೇಣದ ಗೆರೆ ಎಳೆದು, ಬಣ್ಣಗಳಿಗೆ ಅದ್ದಿ ಚಿತ್ತಾರ ಮೂಡಿಸುವ ಉಕ್ರೇನಿನ ಈಸ್ಟರ್ ಮೊಟ್ಟೆಗಳ ಹೆಸರು ಇದು. ಆದರೆ ಈಗ ಬೇಯಿಸಿದ ಮೊಟ್ಟೆಗೆ ಬ್ರಷ್ಷಿನಲ್ಲಿ ಅಕ್ರಿಲಿಕ್ ಬಳಿದರೂ ಪಿಸಂಕಿ, ಮರದ ಮೊಟ್ಟೆಗೆ ಹೂಬಳ್ಳಿಯ ಸ್ಟಿಕರ್ ಅಂಟಿಸಿದರೂ ಪಿಸಂಕಿ, ಬಿಸಿನೀರಿಗೆ ಹಾಕಿದಾಗ ಬಿಗಿದು ಕೂರುವ ಪ್ಲಾಸ್ಟಿಕ್ ಕವಚ ತೊಡಿಸಿದರೂ ಪಿಸಂಕಿ. ಮೊನ್ನೆ ಒಂದು ಕಾರ್ಯಾಗಾರದ ಪ್ರಕಟಣೆಯಲ್ಲಿ 'ಪೈಸಾಂಕಿ ಪೇಂಟಿಂಗ್' ಕಲಿಸುತ್ತೇವೆ ಎಂದು ಕಂಡಿತು. ಮೊದಲ ಪದದ ಉಚ್ಚಾರಣೆ ತಪ್ಪು, ಎರಡನೆಯ ಪದವೇ ತಪ್ಪು. ಇಷ್ಟು ಚೆಲುವಾದ ವಿದ್ಯೆಯೊಂದು ಹೆಸರಿನ ಹಂತದಲ್ಲೇ ದಾರಿ ತಪ್ಪುವುದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ.

ಉಚ್ಚಾರಣೆಯ ವಿಷಯ ಬೇಗ ಮುಗಿಸೋಣ. ಇದು ಉಕ್ರೇನಿಯನ್ ಪದ. ಒಂದಾದರೆ ಪಿಸಂಕಾ, ಹಲವಾದರೆ ಪಿಸಂಕಿ. ಒತ್ತು ಮೊದಲ ಅಕ್ಷರದ ಮೇಲೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ನಡುವೆ ವೈ ಬರುವುದನ್ನು ನೋಡಿ 'ಪೈ' ಎಂದು ಓದುವುದಕ್ಕೆ ಆಧಾರವಿಲ್ಲ. 'ಪಿಸಾಂಕಾ' ಎಂದು ಎಳೆದು ಹೇಳುವವರು ಪೋಲಿಷ್ ಉಚ್ಚಾರಣೆಗೆ ಹತ್ತಿರವಾಗುತ್ತಾರೆ. ಪೋಲೆಂಡಿನಲ್ಲೂ ಇದೇ ಹೆಸರು ಇದೆ, ಅಲ್ಲಿ ಒತ್ತು ಎರಡನೆಯ ಅಕ್ಷರಕ್ಕೆ. ಕನ್ನಡದಲ್ಲಿ ಪಿಸಂಕಾ, ಪಿಸಂಕಾಗಳು ಎಂದರೆ ಸಾಕು. 'ಪಿಸಂಕಿಗಳು' ಎಂದರೆ ಬಹುವಚನಕ್ಕೆ ಮತ್ತೊಂದು ಬಹುವಚನ ಹೊರಿಸಿದಂತೆ.

ಇನ್ನು 'ಪೇಂಟಿಂಗ್'. ಪಿಸಂಕಾ ಹುಟ್ಟಿದ್ದು 'ಪಿಸಾತಿ' ಎಂಬ ಕ್ರಿಯಾಪದದಿಂದ. ಅದರ ಅರ್ಥ ಬರೆ. ಉಕ್ರೇನಿನಲ್ಲಿ ಪಿಸಂಕಾ ಮಾಡುವುದಿಲ್ಲ, ಪಿಸಂಕಾ ಬರೆಯುತ್ತಾರೆ. ಈ ವಿವರ ಇಂಗ್ಲಿಷಿನಲ್ಲಿ ಬರೆಯುವವರಿಗೆ ದೊಡ್ಡ ಬೆರಗು. ಅಕ್ಷರವೇ ಇಲ್ಲದ ಮೊಟ್ಟೆಯ ಮೇಲೆ ಬರೆಯುವುದೆಂದರೇನು ಎಂದು ತಲೆಕೆಡಿಸಿಕೊಂಡು, ಕೊನೆಗೆ ಪ್ರತಿ ಮೊಟ್ಟೆಯೂ ಒಂದು ಗುಪ್ತ ಸಂದೇಶ, ಒಂದು ಪತ್ರ ಎಂಬ ವಿವರಣೆ ಹೊಸೆಯುತ್ತಾರೆ. ನಮ್ಮವರು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿಕೊಳ್ಳುತ್ತಾರೆ. ಕನ್ನಡಿಗರಿಗೆ ಈ ಕಸರತ್ತು ಬೇಕಿಲ್ಲವಲ್ಲ! ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಸಾಗರದ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುವ ಚಿತ್ತಾರಗಿತ್ತಿಯನ್ನು ಯಾರೂ 'ಏನು ಸಂದೇಶ ಬರೆದೆ' ಎಂದು ಕೇಳುವುದಿಲ್ಲ. ಗೆರೆ ಎಳೆದು ರೂಪ ಮೂಡಿಸುವುದಕ್ಕೆ ಕನ್ನಡದಲ್ಲಿ ಬರೆ ಎಂದೇ ಹೆಸರು. ತಮಿಳಿನ 'ವರೈ'ಗೂ ಗೆರೆ ಎಂಬ ಅರ್ಥವಿದೆ, ಚಿತ್ರ ಬಿಡಿಸು ಎಂಬ ಅರ್ಥವೂ ಇದೆ. ಕಾದ ಕಬ್ಬಿಣದಿಂದ ಎಳೆದ ಗುರುತು ಕೂಡ ನಮಗೆ ಬರೆಯೇ. ಅಕ್ಷರಕ್ಕಿಂತ ಗೆರೆ ಹಳೆಯದು.

ಪಿಸಾತಿಯ ಕಥೆಯೂ ಹೀಗೆಯೇ. ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ 'ಪಿಶ್' ಧಾತುವಿನ ಜತೆ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ಪಿಂಶತಿ ಎಂದರೆ ಕೆತ್ತುತ್ತಾನೆ, ಅಲಂಕರಿಸುತ್ತಾನೆ. ಋಗ್ವೇದದಲ್ಲಿ ಉಷೆ ಧರಿಸುವ ಚಿತ್ತಾರದ ಉಡುಗೆಗೆ ಪೇಶಸ್ ಎಂಬ ಮಾತಿದೆ. ನಮ್ಮ ಹಳೆಯ ಕಾವ್ಯದ ಓದುಗರಿಗೆ ಗೊತ್ತಿರುವ, ಸೊಗಸಾದ ಎಂಬರ್ಥದ 'ಪೇಶಲ' ಕೂಡ ಇಲ್ಲಿಯದೇ. ಅಂದರೆ ಉಕ್ರೇನಿಯನ್, ಪೋಲಿಷ್ ಮುಂತಾದ ಸ್ಲಾವ್ ನುಡಿಗಳಲ್ಲಿ ಈ ಪದ ಅಕ್ಷರ ಬರೆಯುವುದಕ್ಕೆ ನಿಲ್ಲುವ ಮೊದಲು ಗೆರೆಯ ಅಲಂಕಾರಕ್ಕೇ ಸಲ್ಲುತ್ತಿತ್ತು. ಪಿಸಂಕಾದಲ್ಲಿ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಇಂಗ್ಲಿಷಿನ ಪೇಂಟ್‌ಗೆ ಮೂಲವಾದ ಲ್ಯಾಟಿನ್ನಿನ 'ಪಿಂಗೆರೆ'ಯನ್ನೂ ಈ ಬಳಗದ ದೂರದ ನೆಂಟನೆಂದೇ ಗಣಿಸುತ್ತಾರೆ. ಆದ್ದರಿಂದ ಪೇಂಟಿಂಗ್ ಎನ್ನುವುದಕ್ಕೆ ನನ್ನ ತಕರಾರು ವಂಶಾವಳಿಯದಲ್ಲ, ಕೈಕೆಲಸದ್ದು. ರೊಮೇನಿಯಾದವರು ಇಂಥ ಮೊಟ್ಟೆಗಳನ್ನು ಲೇಖನಿಯಿಂದ ಬರೆದ ಮೊಟ್ಟೆ ಎಂಬ ಅರ್ಥ ಬರುವಂತೆ ಕರೆಯುತ್ತಾರೆ. ಅವರದು ಸ್ಲಾವ್ ಭಾಷೆಯಲ್ಲ, ಪದ ಬೇರೆ. ಆದರೂ ಅದೇ ಹೆಸರಿಗೆ ಬಂದು ನಿಂತರೆಂದರೆ ಕಾರಣ ಕೆಲಸದಲ್ಲೇ ಇದೆ.

ಬ್ರಷ್ಷು ಬಣ್ಣವನ್ನು ತಂದು ಇಡುತ್ತದೆ. ಪಿಸಂಕಾ ಬರೆಯುವವರ ಕೈಯಲ್ಲಿ ಬಣ್ಣವೇ ಇರುವುದಿಲ್ಲ, ಇರುವುದು ಜೇನುಮೇಣ. ಪುಟ್ಟ ಕಡ್ಡಿಯ ತುದಿಗೆ ತಾಮ್ರದ ಅಥವಾ ಹಿತ್ತಾಳೆಯ ತಗಡನ್ನು ಸುರುಳಿ ಸುತ್ತಿ ಮಾಡಿದ, ಸೂಜಿಮೊನೆಯಷ್ಟು ತೂತಿರುವ ಲಾಳಿಕೆ ಕಟ್ಟಿರುತ್ತಾರೆ. ಇದಕ್ಕೆ ಕಿಸ್ತ್ಕಾ ಎಂದು ಹೆಸರು, ಕೆಲವು ಕಡೆ ಪಿಸಾಕ್. ಅದನ್ನು ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ, ಜೇನುಮೇಣದ ಗಟ್ಟಿಗೆ ಒತ್ತಿ ಒಂದಿಷ್ಟು ತೆಗೆದುಕೊಂಡು, ಮತ್ತೊಮ್ಮೆ ಉರಿಗೆ ಹಿಡಿದು ಮೊಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಮೇಣ ಬಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಬಟ್ಟೆಯ ಮೇಲಿನ ಬಾಟಿಕ್ ಗೊತ್ತಿದ್ದವರಿಗೆ ತತ್ವ ಅದೇ.

ಎರಡನೆಯ ದೊಡ್ಡ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. 'ಮೇಣದಿಂದ ಅಲಂಕರಿಸಿದ ಮೊಟ್ಟೆ' ಎಂದು ಬರೆಯುತ್ತಾರೆ. ಮುಗಿದ ಪಿಸಂಕಾದಲ್ಲಿ ಮೇಣವೇ ಇರುವುದಿಲ್ಲ! ಮೇಣ ಅಲಂಕಾರವಲ್ಲ, ಕಾವಲು. ಒಂದು ಎಂಟು ಮೊನೆಯ ನಕ್ಷತ್ರ ಬರೆಯುತ್ತಿದ್ದೀರಿ ಎನ್ನಿ. ಬಿಳಿ ಮೊಟ್ಟೆಯ ಮೇಲೆ ಮೊದಲು ಬರೆದ ಗೆರೆ ಕೊನೆಗೆ ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ನಕ್ಷತ್ರದ ಅಂಚು ಈಗ. ಮೊಟ್ಟೆಯನ್ನು ಹಳದಿಗೆ ಅದ್ದಿ ಒರೆಸಿಕೊಂಡ ಮೇಲೆ ಹಳದಿಯಾಗಿಯೇ ಉಳಿಯಬೇಕಾದ ಮೊನೆಗಳಿಗೆ ಮೇಣ ತುಂಬುತ್ತೀರಿ. ಎಲೆಗೆ ಹಸಿರು ಬೇಕಾದರೆ ಆ ಜಾಗಕ್ಕಷ್ಟೇ ಕಡ್ಡಿಯಿಂದ ಹಸಿರು ಮುಟ್ಟಿಸಿ ಒಡನೆ ಮೇಣದಿಂದ ಮುಚ್ಚಬೇಕು. ಇಡೀ ಮೊಟ್ಟೆಯನ್ನು ಹಸಿರಿಗೆ ಅದ್ದಿದರೆ ಮುಂದಿನ ಕೆಂಪು ಕೆಡುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಪ್ರತಿ ಹಂತದಲ್ಲೂ ನೀವು ಮುಚ್ಚುತ್ತಿರುವುದು ಆಗಲೇ ಕಣ್ಣೆದುರಿಗಿರುವ ಬಣ್ಣವನ್ನು, ಬರಲಿರುವ ಬಣ್ಣವನ್ನಲ್ಲ. ಹೊಸದಾಗಿ ಕಲಿಯುವವರ ತಲೆ ತಿರುಗುವುದು ಇಲ್ಲಿಯೇ. ಕೆಂಪು ಹೂ ಬೇಕು ಎಂದು ಮೊದಲೇ ಹೂವಿಗೆ ಮೇಣ ತುಂಬಿಬಿಟ್ಟರೆ ಬಿಳಿ ಹೂ ಸಿಗುತ್ತದೆ.

ಕಪ್ಪಿನಿಂದ ಹೊರಗೆ ಬಂದ ಮೊಟ್ಟೆ ಮಸಿ ಮೆತ್ತಿದ ಉಂಡೆಯಂತೆ ಕಾಣುತ್ತದೆ, ಬರೆದದ್ದೊಂದೂ ಗೋಚರಿಸುವುದಿಲ್ಲ. ಅದನ್ನು ಉರಿಯ ಪಕ್ಕಕ್ಕೆ ಹಿಡಿಯಬೇಕು. ಮೇಲಕ್ಕೆ ಹಿಡಿದರೆ ಹೊಗೆ ಕೂರುತ್ತದೆ. ಮೇಣ ಹೊಳೆಯತೊಡಗಿದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅಂಗೈಯಗಲದ ಜಾಗದಲ್ಲಿ ಬಿಳಿ, ಹಳದಿ, ಹಸಿರು, ಕಿತ್ತಳೆ, ಕೆಂಪು ಒಟ್ಟಿಗೇ ಬೆಳಗುತ್ತವೆ. ಆ ಕ್ಷಣಕ್ಕಾಗಿಯೇ ಈ ವಿದ್ಯೆ ಕಲಿಯಬೇಕು ಎಂದು ನಾನು ಮನಸಾರೆ ಹೇಳುತ್ತೇನೆ.

ಕಲಿಯುವವರಿಗೆ ಇನ್ನೆರಡು ಮಾತು, ಯಾಕೆಂದರೆ ಕನ್ನಡದಲ್ಲಿ ಸಿಗುವ ಸೂಚನೆಗಳಲ್ಲಿ ಇವು ಬಿಟ್ಟುಹೋಗಿರುತ್ತವೆ. ಜೇನುಮೇಣದ ಬದಲು ಅಂಗಡಿಯ ಮೇಣದಬತ್ತಿಯನ್ನು ಕರಗಿಸಿ ಬಳಸಬೇಡಿ. ಅದು ಪ್ಯಾರಫಿನ್, ಪೆಟ್ರೋಲಿಯಂನಿಂದ ತೆಗೆದ ಮೇಣ. ಚಿಪ್ಪಿಗೆ ಗಟ್ಟಿಯಾಗಿ ಹಿಡಿಯದೆ ಬಿರಿದು ಏಳುತ್ತದೆ, ಸಂದಿಯಲ್ಲಿ ಬಣ್ಣ ನುಗ್ಗುತ್ತದೆ. ಗೆರೆ ಎಳೆಯುವಾಗ ಕಿಸ್ತ್ಕಾವನ್ನು ಓಡಿಸಬೇಡಿ. ಆ ಕೈ ನಿಶ್ಚಲವಾಗಿರಲಿ, ಇನ್ನೊಂದು ಕೈ ಮೊಟ್ಟೆಯನ್ನು ತಿರುಗಿಸಲಿ. ಬಿದ್ದ ಮೇಣವನ್ನು ಕೆರೆದು ತೆಗೆದರೂ ಅದರ ಜಿಡ್ಡು ಚಿಪ್ಪಿನಲ್ಲಿ ಉಳಿದು ಬಣ್ಣವನ್ನು ತಡೆಯುತ್ತದೆ. ಅಳಿಸುವ ಆಸೆ ಬಿಟ್ಟು ಆ ಚುಕ್ಕೆಯನ್ನೇ ಚಿತ್ತಾರಕ್ಕೆ ಸೇರಿಸಿಕೊಳ್ಳುವುದು ಮೇಲು. ನಮ್ಮಲ್ಲಿ ಎಲ್ಲ ಕಡೆ ಸಿಗುವ ಬಿಳಿ ಫಾರಂ ಮೊಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ನಾಟಿ ಮೊಟ್ಟೆಯ ಕಂದು ಛಾಯೆ ಮೊದಲ ಬಿಳಿಯನ್ನೇ ಕಸಿದುಕೊಳ್ಳುತ್ತದೆ. ಹಳೆಯ ಕಾಲದ ಬಣ್ಣಗಳು ಈರುಳ್ಳಿ ಸಿಪ್ಪೆ, ಅಕ್ರೋಟಿನ ಸಿಪ್ಪೆ, ಓಕ್ ಮರದ ತೊಗಟೆ ಮುಂತಾದವುಗಳಿಂದ ಬರುತ್ತಿದ್ದವು. ಈಗ ಬಹುತೇಕರು ಬಳಸುವುದು ಅನಿಲಿನ್ ಎಂಬ ರಾಸಾಯನಿಕ ಬಣ್ಣಗಳನ್ನು.

ಹಾಗಾದರೆ ಆ ಬೇಯಿಸಿದ ಬಣ್ಣದ ಮೊಟ್ಟೆಗೆ ಏನೆನ್ನಬೇಕು? ಅದಕ್ಕೂ ಉಕ್ರೇನಿನಲ್ಲಿ ಸ್ವಂತ ಹೆಸರಿದೆ: ಕ್ರಾಶಂಕಾ. ಬೇಯಿಸಿ ಒಂದೇ ಬಣ್ಣ ಕಟ್ಟಿದ್ದು, ಈಸ್ಟರ್ ಬೆಳಿಗ್ಗೆ ಸುಲಿದು ತಿನ್ನುವುದಕ್ಕೆ. ಪಿಸಂಕಾ ಹಸಿಮೊಟ್ಟೆ, ತಿನ್ನುವುದಕ್ಕಲ್ಲ, ಕೊಡುವುದಕ್ಕೆ ಮತ್ತು ಇಟ್ಟುಕೊಳ್ಳುವುದಕ್ಕೆ. ಬಣ್ಣ ಕಟ್ಟಿದ ಮೇಲೆ ಚೂಪು ಮೊನೆಯಿಂದ ಕೆರೆದು ಚಿತ್ರ ತೆಗೆದರೆ ಅದು ದ್ರ್ಯಾಪಂಕಾ. ಬರೀ ಮೇಣದ ಚುಕ್ಕೆಗಳನ್ನು ತೊಟ್ಟಿಕ್ಕಿಸಿದರೆ ಕ್ರಾಪಂಕಾ. ಬ್ರಷ್ಷು ಹಿಡಿದು ಬಣ್ಣ ಬಳಿದದ್ದಕ್ಕೂ ಹೆಸರುಂಟು, ಮಾಲ್ಯೋವಂಕಾ. ಕಾರ್ಯಾಗಾರದವರು ಕಲಿಸಲು ಹೊರಟಿದ್ದು ಇದನ್ನೇ ಆಗಿದ್ದರೆ ಹಾಗೆಂದೇ ಹಾಕಬಹುದಿತ್ತು, ಅದೇನೂ ಕೀಳಲ್ಲ. ಪೋಲೆಂಡಿನ ಆಡುಮಾತಿನಲ್ಲಿ ಈಗ ಎಲ್ಲ ಬಗೆಯ ಈಸ್ಟರ್ ಮೊಟ್ಟೆಗೂ ಪಿಸಾಂಕಾ ಎಂಬ ಒಂದೇ ಹೆಸರು ಸಲ್ಲುತ್ತದೆ ಎಂದು ವಾದಿಸುವವರಿದ್ದಾರೆ. ನಿಜ. ಆದರೆ ನಾವು ಪೋಲಿಷ್ ಆಡುಮಾತನ್ನು ಎರವಲು ಪಡೆಯುತ್ತಿಲ್ಲ, ಒಂದು ನಿರ್ದಿಷ್ಟ ಕಸುಬಿನ ಹೆಸರನ್ನು ಕರೆಯುತ್ತಿದ್ದೇವೆ.

'ರಷ್ಯಾದ ಈಸ್ಟರ್ ಮೊಟ್ಟೆ' ಎಂಬ ಶೀರ್ಷಿಕೆಯಂತೂ ಬೇಡವೇ ಬೇಡ. ಫಾಬೆರ್ಝೆ ಎಂಬ ಆಭರಣಕಾರ ಮನೆತನ 1885ರಿಂದ ರಷ್ಯಾದ ಚಕ್ರವರ್ತಿಗಳಿಗಾಗಿ ಮಾಡಿಕೊಟ್ಟ ರತ್ನಖಚಿತ ಮೊಟ್ಟೆಗಳು ಅಕ್ಕಸಾಲಿಗರ ಕೆಲಸ. ಅವಕ್ಕೂ ಪಿಸಂಕಾಕ್ಕೂ ಆಕಾರವೊಂದೇ ಸಮಾನ. ಪಿಸಂಕಾ ಹಳ್ಳಿಯ ಹೆಂಗಸರು ಉಪವಾಸದ ವಾರಗಳಲ್ಲಿ, ಮನೆ ಮಲಗಿದ ಮೇಲೆ ಕೂತು ಬರೆದದ್ದು. ಕಾರ್ಪೇಥಿಯನ್ ಬೆಟ್ಟಗಳ ಹುತ್ಸುಲ್ ಜನರಲ್ಲಿ ಒಂದು ನಂಬಿಕೆಯಿದೆ: ಬೆಟ್ಟದಲ್ಲಿ ಸರಪಳಿಯಲ್ಲಿ ಬಿಗಿದ ದುಷ್ಟಶಕ್ತಿ ಪ್ರತಿವರ್ಷ ಎಷ್ಟು ಪಿಸಂಕಾ ಬರೆದಿದ್ದಾರೆಂದು ಎಣಿಸಲು ತನ್ನ ಭಂಟರನ್ನು ಕಳಿಸುತ್ತದೆ, ಎಣಿಕೆ ತಗ್ಗಿದರೆ ಸರಪಳಿ ಸಡಿಲವಾಗುತ್ತದೆ. ಅವರ ಕೊಸ್ಮಾಚ್ ಎಂಬ ಹಳ್ಳಿ ಕೂದಲೆಳೆಯ ಗೆರೆಗಳಿಗೆ, ಹಳದಿ-ಕಿತ್ತಳೆಯ ಮೈಬಣ್ಣಕ್ಕೆ ಹೆಸರುವಾಸಿ. ಮೊಟ್ಟೆಯ ಸುತ್ತ ಎಲ್ಲೂ ಕಡಿಯದೆ ಹರಿಯುವ ಅಲೆಗೆರೆಗೆ ಬೆಜ್ಕೊನೆಚ್ನಿಕ್, ಕೊನೆಯಿಲ್ಲದ್ದು ಎನ್ನುತ್ತಾರೆ. ತ್ರಿಕೋನಗಳಾಗಿ ಒಡೆದ ವಿನ್ಯಾಸಕ್ಕೆ ಸೊರೊಕೊಕ್ಲಿನ್, ನಲವತ್ತು ಬೆಣೆ. ಈ 40ನ್ನು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ ಹೊಂದಿಸಿ ಹೇಳುತ್ತಾರೆ. ಸೋವಿಯತ್ ಕಾಲದಲ್ಲಿ ಧಾರ್ಮಿಕ ಆಚರಣೆ ಎಂದು ಇದನ್ನು ಹತ್ತಿಕ್ಕಿದರು. ಆಗ ಕೆನಡಾ, ಅಮೆರಿಕಗಳಿಗೆ ವಲಸೆ ಹೋದವರ ಮನೆಗಳಲ್ಲೂ ಇದು ಉಳಿದು ಬೆಳೆಯಿತು. ಕೆನಡಾದ ವೆಗ್ರೆವಿಲ್ ಪಟ್ಟಣದಲ್ಲಿ ಗಾಳಿಗೆ ತಿರುಗುವ ದೈತ್ಯ ಅಲ್ಯೂಮಿನಿಯಂ ಪಿಸಂಕಾ 1975ರಿಂದ ನಿಂತಿದೆ. ಉಕ್ರೇನಿನ ಕೊಲೊಮಿಯಾದಲ್ಲಿರುವ ಪಿಸಂಕಾ ಸಂಗ್ರಹಾಲಯದ ಮೊಟ್ಟೆಯಾಕಾರದ ಕಟ್ಟಡ 2000ದಲ್ಲಿ ತೆರೆಯಿತು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಕಲೆಯನ್ನು ಉಕ್ರೇನ್ ಮತ್ತು ಎಸ್ಟೋನಿಯಾಗಳ ಹೆಸರಿನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿಮೊಟ್ಟೆ ಎಂದ ಕೂಡಲೇ ಬರುವ ಪ್ರಶ್ನೆ, ಒಳಗಿನದು ಏನಾಗುತ್ತದೆ? ಚಿಪ್ಪಿಗೆ ಸೂಕ್ಷ್ಮ ರಂಧ್ರಗಳಿವೆ. ಗಾಳಿಯಾಡುವ ತಂಪು ಜಾಗದಲ್ಲಿಟ್ಟರೆ ಒಳಗಿನ ನೀರು ನಿಧಾನವಾಗಿ ಆರಿ, ವರ್ಷಗಳು ಕಳೆದ ಮೇಲೆ ಹಳದಿ ಭಾಗ ಒಣಗಿದ ಉಂಡೆಯಾಗುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲೋ ಮುಚ್ಚಿದ ಡಬ್ಬದಲ್ಲೋ ಇಟ್ಟರೆ ಅನಿಲ ಕಟ್ಟಿ ಸಿಡಿಯಬಹುದು, ಆ ನಾತ ಬೇಗ ಹೋಗುವಂಥದ್ದಲ್ಲ. ನಮ್ಮ ಬೇಸಿಗೆಯಲ್ಲಿ ಈ ಅಪಾಯ ಬೇಡ. ಬರೆದು ಮುಗಿಸಿ, ಮೇಲೆ ವಾರ್ನಿಷ್ ಬಳಿದು ಅದು ಒಣಗಿದ ಮೇಲೆ ತುದಿಯಲ್ಲಿ ಸಣ್ಣ ತೂತು ಮಾಡಿ ಒಳಗಿನದನ್ನು ಹೊರಗೆ ಊದಿಬಿಡಿ. ಮೊದಲೇ ಊದಿ ಖಾಲಿ ಮಾಡಿದರೆ ಮೊಟ್ಟೆ ಬಣ್ಣದ ನೀರಿನಲ್ಲಿ ತೇಲುತ್ತದೆ. ತೂತಿಗೆ ಮೇಣ ಮೆತ್ತಿ, ಮುಳುಗುವಂತೆ ಮೇಲಿಂದ ಒತ್ತಿ ಹಿಡಿಯಬೇಕಾಗುತ್ತದೆ. ಅನಿಲಿನ್ ಬಣ್ಣಕ್ಕೆ ಅದ್ದಿದ್ದರೆ ಊದಿ ತೆಗೆದದ್ದನ್ನು ಚೆಲ್ಲಿಬಿಡಿ, ಆಮ್ಲೆಟ್‌ಗೆ ಬಳಸಬೇಡಿ.