ಸಿಲಿಂಡರ್ ಯಾಕೆ ಮುಂದೆ ಬರುತ್ತಿಲ್ಲ? ಕಮ್ಯುನಿಟಿ ಕಾಲೇಜಿನಲ್ಲಿ ಮೆಕಾಟ್ರಾನಿಕ್ಸ್ ಓದುವವರಿಗೆ

ಒಂದು ಪ್ಯಾಕಿಂಗ್ ಲೈನ್ ನಿಂತಿದೆ. ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಬೇಕಾದ ಗಾಳಿ ಸಿಲಿಂಡರ್ ಮುಂದೆ ಬರುತ್ತಿಲ್ಲ. ಮೆಕ್ಯಾನಿಕ್ ಬಂದು ಮುಟ್ಟಿ ನೋಡಿ, "ಇದು ಚೆನ್ನಾಗೇ ಇದೆ, ವೈರಿಂಗ್ ತೊಂದರೆ ಇರಬೇಕು" ಅನ್ನುತ್ತಾನೆ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು, "ವೈರಿಂಗ್ ಸರಿ ಇದೆ, ಪ್ರೋಗ್ರಾಂ ನೋಡಿ" ಅನ್ನುತ್ತಾನೆ. ಪ್ರೋಗ್ರಾಂ ಬರೆದವರು ಇನ್ಯಾವುದೋ ರಾಜ್ಯದಲ್ಲಿ ಕೂತಿರುತ್ತಾರೆ. "ಪ್ರೋಗ್ರಾಂನಲ್ಲಿ ಏನೂ ಬದಲಾಗಿಲ್ಲ, ಮೆಷಿನ್ ನೋಡಿ" ಅಂತ ಅವರು ಫೋನಿನಲ್ಲಿ ಹೇಳುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಲೈನ್ ಮಾತ್ರ ನಿಂತೇ ಇದೆ.

ಈ ಮೂವರ ಕೆಲಸವನ್ನೂ ಅಷ್ಟಷ್ಟು ಬಲ್ಲ ಒಬ್ಬರು ಬೇಕು. ಅವರೇ ಮೆಕಾಟ್ರಾನಿಕ್ಸ್ ಟೆಕ್ನಿಷಿಯನ್. ಅಮೆರಿಕದಲ್ಲಿ ಅಂಥವರು ಹೆಚ್ಚಾಗಿ ತಯಾರಾಗುವುದು ಕಮ್ಯುನಿಟಿ ಕಾಲೇಜುಗಳ ಎರಡು ವರ್ಷದ ಕೋರ್ಸಿನಲ್ಲಿ. ನಾನು ಹಗಲು ಕಾರ್ಖಾನೆಯಲ್ಲಿ ಆಟೊಮೇಷನ್ ಕೆಲಸ ಮಾಡುತ್ತೇನೆ, ಸಂಜೆ ಇಂಥದೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸೇರಲು ಬರುವವರು, ಅವರ ಅಪ್ಪ ಅಮ್ಮ ಎಲ್ಲರೂ ಮೊದಲು ಕೇಳುವುದು ಒಂದೇ: "ರೋಬಾಟ್ ಕಲಿಸ್ತಾರಾ?" ಕಲಿಸುತ್ತಾರೆ. ಆದರೆ ಆ ಕೋರ್ಸ್ ಒಳ್ಳೆಯದೋ ಅಲ್ಲವೋ ಅನ್ನುವುದು ಗೊತ್ತಾಗುವುದು ಮೇಲೆ ಹೇಳಿದ ಸಿಲಿಂಡರಿನ ಮುಂದೆ.

ಅದನ್ನು ಹುಡುಕುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮಧ್ಯದಿಂದ ಶುರು ಮಾಡಬೇಕು. ಗಾಳಿಯನ್ನು ತಿರುಗಿಸುವ ವಾಲ್ವ್ ಮೇಲೆ ಸಾಮಾನ್ಯವಾಗಿ ಕೈಯಿಂದ ಒತ್ತುವ ಸಣ್ಣ ಗುಂಡಿ ಇರುತ್ತದೆ. ಸಿಲಿಂಡರಿನ ದಾರಿಯಲ್ಲಿ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು ಅದನ್ನು ಒತ್ತಿ. ಸಿಲಿಂಡರ್ ಹೊರಗೆ ಬಂದರೆ ಗಾಳಿ, ಕೊಳವೆ, ಸಿಲಿಂಡರ್ ಎಲ್ಲವೂ ಸರಿ ಇವೆ. ತೊಂದರೆ ಇರುವುದು ವಿದ್ಯುತ್ ಇಲ್ಲವೇ ಪ್ರೋಗ್ರಾಂ ಕಡೆ. ಬರದಿದ್ದರೆ ಗಾಳಿಯ ಒತ್ತಡ ನೋಡಿ, ಗಾಳಿಯ ಹರಿವು ಹೊಂದಿಸುವ ಫ್ಲೋ ಕಂಟ್ರೋಲನ್ನು ಯಾರಾದರೂ ಪೂರ್ತಿ ಮುಚ್ಚಿಬಿಟ್ಟಿದ್ದಾರಾ ನೋಡಿ, ಸಿಲಿಂಡರಿನಿಂದ ಹೊರಬರುವ ರಾಡ್ ಎಲ್ಲಾದರೂ ಸಿಕ್ಕಿಕೊಂಡಿದೆಯಾ ನೋಡಿ. ಒಂದು ಸಲ ಗುಂಡಿ ಒತ್ತಿದ್ದಕ್ಕೆ ಅರ್ಧ ಮೆಷಿನ್ ಅನುಮಾನದಿಂದ ಹೊರಗೆ ಬಿತ್ತು.

ಸಿಲಿಂಡರ್ ಹೊರಗೆ ಬಂತು ಅಂತಿಟ್ಟುಕೊಳ್ಳಿ. ಈಗ ಪಿಎಲ್‌ಸಿ, ಅಂದರೆ ಪ್ರೋಗ್ರಾಂ ಪ್ರಕಾರ ಮೆಷಿನ್ ನಡೆಸುವ ಕಂಪ್ಯೂಟರ್, ಅದರ ಕಾರ್ಡಿನ ಔಟ್‌ಪುಟ್ ದೀಪ ನೋಡಬೇಕು. ದೀಪ ಉರಿಯುತ್ತಿದೆ, ಆದರೆ ವಾಲ್ವ್ ಕಾಯಿಲಿನ ಹತ್ತಿರ 24 ವೋಲ್ಟ್ ಇಲ್ಲ ಅಂದರೆ ಫ್ಯೂಸ್, ಟರ್ಮಿನಲ್ ಇಲ್ಲವೇ ಕೇಬಲ್. ವೋಲ್ಟ್ ಇದೆ, ವಾಲ್ವ್ ಕ್ಲಿಕ್ ಅನ್ನುವುದಿಲ್ಲ ಅಂದರೆ ಕಾಯಿಲ್ ಮೇಲೆ ಅನುಮಾನ. ದೀಪವೇ ಉರಿಯುತ್ತಿಲ್ಲ ಅಂದರೆ ಆಗ ಲ್ಯಾಪ್‌ಟಾಪ್ ತೆಗೆದು, ಪ್ರೋಗ್ರಾಂನಲ್ಲಿ ಯಾವ ಷರತ್ತು ಪೂರ್ತಿಯಾಗಿಲ್ಲ ಅಂತ ನೋಡಬೇಕು. ಅಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದು ಒಂದು ಸೆನ್ಸರ್. ಇದಕ್ಕಿಂತ ಹಿಂದಿನ ಸಿಲಿಂಡರ್ ಸರಿಯಾಗಿಯೇ ವಾಪಸ್ ಹೋಗಿದೆ. ಆದರೆ ಅದು ಎಲ್ಲಿದೆ ಅಂತ ತಿಳಿಸುವ ಸೆನ್ಸರ್, ಅಂದರೆ ಅದರ ಮೈಮೇಲಿನ ರೀಡ್ ಸ್ವಿಚ್, ಅದುರಿ ಅದುರಿ ಕೆಲವು ಮಿಲಿಮೀಟರ್ ಜಾರಿದೆ. ಸಿಲಿಂಡರ್ ವಾಪಸ್ ಹೋದದ್ದು ಪಿಎಲ್‌ಸಿಗೆ ಗೊತ್ತೇ ಆಗಿಲ್ಲ. ಸಡಿಲವಾದದ್ದು ಒಂದು ಸ್ಕ್ರೂ, ಅದು ಕಂಡದ್ದು ಪ್ರೋಗ್ರಾಂನಲ್ಲಿ, ನಿಂತದ್ದು ಬೇರೆಯೇ ಸಿಲಿಂಡರ್. ಇದನ್ನು ಮೆಕ್ಯಾನಿಕಲ್ ದೋಷ ಅನ್ನುತ್ತೀರೋ, ಎಲೆಕ್ಟ್ರಿಕಲ್ ಅನ್ನುತ್ತೀರೋ?

ಕೋರ್ಸಿನ ಪಾಠಗಳು ಈ ದಾರಿಯಲ್ಲೇ ಬರುತ್ತವೆ. ಮೊದಲು ಡಿಸಿ, ಎಸಿ ಸರ್ಕ್ಯೂಟ್, ಡ್ರಾಯಿಂಗ್ ಓದುವುದು, ಸುರಕ್ಷತೆ, ಗಣಿತ. ಆಮೇಲೆ ಗಾಳಿಯ ಒತ್ತಡದಿಂದ ಕೆಲಸ ಮಾಡಿಸುವ ನ್ಯೂಮ್ಯಾಟಿಕ್ಸ್, ಎಣ್ಣೆಯ ಒತ್ತಡದ ಹೈಡ್ರಾಲಿಕ್ಸ್, ಮೋಟಾರ್ ಕಂಟ್ರೋಲ್, ಬೇರಿಂಗ್, ಬೆಲ್ಟು, ಗೇರು. ಎರಡನೇ ವರ್ಷ ಮುಂದುವರಿದ ಪಿಎಲ್‌ಸಿ, ಮೋಟಾರಿನ ವೇಗ ಹೊಂದಿಸುವ ಡ್ರೈವ್, ರೋಬಾಟ್, ಕೊನೆಗೊಂದು ಪ್ರಾಜೆಕ್ಟ್. ಒಟ್ಟು ಸುಮಾರು 60 ಕ್ರೆಡಿಟ್.

ಗಣಿತಕ್ಕೆ ಹೆದರಿ ಹಿಂದೆ ಸರಿಯುವವರು ಜಾಸ್ತಿ. ದಿನದ ಕೆಲಸಕ್ಕೆ ಬೇಕಾಗುವ ಲೆಕ್ಕ ಹೇಗಿರುತ್ತದೆ ಅಂತ ಹೇಳುತ್ತೇನೆ. 2 ಇಂಚು ವ್ಯಾಸದ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ ಸುಮಾರು 3.14 ಚದರ ಇಂಚು. ಗಾಳಿಯ ಒತ್ತಡ 80 ಪಿಎಸ್‌ಐ, ಅಂದರೆ ಚದರ ಇಂಚಿಗೆ 80 ಪೌಂಡ್, ಇದ್ದರೆ ಅದು ತಳ್ಳುವ ಬಲ ಸುಮಾರು 250 ಪೌಂಡ್. ಅಮೆರಿಕದ ವಿದ್ಯುತ್ 60 ಹರ್ಟ್ಸ್. ನಾಲ್ಕು ಪೋಲಿನ ಮೋಟಾರಿಗೆ 120 ಅನ್ನು 60ರಿಂದ ಗುಣಿಸಿ 4ರಿಂದ ಭಾಗಿಸಿದರೆ ನಿಮಿಷಕ್ಕೆ 1800 ಸುತ್ತು. ಮೋಟಾರಿನ ಫಲಕದ ಮೇಲೆ 1750ರ ಆಸುಪಾಸು ಬರೆದಿರುತ್ತದೆ, ಆ ವ್ಯತ್ಯಾಸವೇ ಸ್ಲಿಪ್. ಬೀಜಗಣಿತ, ಸ್ವಲ್ಪ ತ್ರಿಕೋನಮಿತಿ ಬಂದರೆ ಲೈನ್ ಪಕ್ಕದ ಕೆಲಸ ನಡೆಯುತ್ತದೆ. ಕ್ಯಾಲ್ಕುಲಸ್ ಬೇಕಾಗುವುದು ಬೇರೆ ಕಾರಣಕ್ಕೆ, ಅದಕ್ಕೆ ಆಮೇಲೆ ಬರುತ್ತೇನೆ.

ಪಿಎಲ್‌ಸಿಗಳ ಪ್ರೋಗ್ರಾಂ ಬರೆಯಲು ಯಾಕೆ ಇನ್ನೂ ಏಣಿಯಂತೆ ಕಾಣುವ ಲ್ಯಾಡರ್ ಚಿತ್ರ ಅಂತ ಕಂಪ್ಯೂಟರ್ ಬಲ್ಲ ಹುಡುಗರು ಮೂಗು ಮುರಿಯುತ್ತಾರೆ. ಅದಕ್ಕೊಂದು ಹಿನ್ನೆಲೆ ಇದೆ. 1968ರಲ್ಲಿ ಜನರಲ್ ಮೋಟಾರ್ಸ್‌ನ ಟ್ರಾನ್ಸ್‌ಮಿಷನ್ ವಿಭಾಗ ಗೋಡೆ ತುಂಬ ಇದ್ದ ರಿಲೇಗಳಿಗೆ, ಅಂದರೆ ವಿದ್ಯುತ್ತಿನಿಂದ ಆನ್ ಆಫ್ ಆಗುವ ಸ್ವಿಚ್‌ಗಳಿಗೆ, ಬದಲಿ ಹುಡುಕುತ್ತಿತ್ತು. ಮಾಡೆಲ್ ಬದಲಾದಾಗಲೆಲ್ಲ ವೈರ್ ಕಿತ್ತು ಮತ್ತೆ ಕಟ್ಟುವ ಕೆಲಸ ಅವರಿಗೆ ಸಾಕಾಗಿತ್ತು. ಇಂಜಿನಿಯರ್ ಡಿಕ್ ಮಾರ್ಲಿ ಮತ್ತು ಜೊತೆಯವರು ಮಾಡಿದ ಮೋಡಿಕಾನ್ 084 ಅನ್ನುವ ಪಿಎಲ್‌ಸಿ ಅದಕ್ಕೆ ಉತ್ತರವಾಯಿತು. ಅದರ ಭಾಷೆಯನ್ನು ಎಲೆಕ್ಟ್ರಿಷಿಯನ್‌ಗಳು ಅದಾಗಲೇ ಓದುತ್ತಿದ್ದ ರಿಲೇ ಡ್ರಾಯಿಂಗ್ ಥರವೇ ಇಟ್ಟರು. ರಾತ್ರಿ ಲೈನ್ ನಿಂತಾಗ ಎದುರಿಗೆ ಇರುವವರು ಓದಲು ಆಗಬೇಕು ಅನ್ನುವುದೇ ಉದ್ದೇಶ. ಅದು ಇವತ್ತಿಗೂ ಸರಿಯಾದ ಉದ್ದೇಶವೇ.

ಯಾವ ಕಂಪನಿಯ ಪಿಎಲ್‌ಸಿ ಕಲಿಸುತ್ತಾರೆ ಅಂತ ಕೇಳುವುದು ಒಳ್ಳೆಯದು, ಆದರೆ ತುಂಬ ತಲೆಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಆಲನ್-ಬ್ರಾಡ್ಲಿ ಜಾಸ್ತಿ. ಜರ್ಮನ್ ಮೂಲದ ಕಾರ್ಖಾನೆಗಳಲ್ಲಿ ಸೀಮೆನ್ಸ್ ಕಾಣುತ್ತದೆ. ಒಂದನ್ನು ಚೆನ್ನಾಗಿ ಕಲಿತವರು ಇನ್ನೊಂದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ.

ಕಾಲೇಜು ಆರಿಸುವ ಮೊದಲು ಲ್ಯಾಬಿಗೆ ಹೋಗಿ ನೋಡಿ. ಗಾಜಿನ ಗೋಡೆಯ ಹಿಂದೆ ಹೊಳೆಯುವ ಹಳದಿ ರೋಬಾಟ್ ಇರುತ್ತದೆ, ಅದು ಫೋಟೋಗೆ. ನೀವು ಕೇಳಬೇಕಾದ್ದು ಬೇರೆ. ಒಂದು ಟ್ರೇನರಿಗೆ, ಅಂದರೆ ಅಭ್ಯಾಸಕ್ಕೆ ಇಟ್ಟ ಮೆಷಿನ್ನಿಗೆ, ಎಷ್ಟು ಜನ? ಇಬ್ಬರಾದರೆ ಒಳ್ಳೆಯದು. ಐದಾರು ಜನ ಅಂದರೆ ಒಬ್ಬರು ಮಾಡುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ. ಟ್ರೇನರಿನಲ್ಲಿ ದೋಷ ಹಾಕುವ ವ್ಯವಸ್ಥೆ ಇದೆಯಾ? ಫೆಸ್ಟೊ, ಅಮಾಟ್ರಾಲ್ ಥರದ ಕಂಪನಿಗಳು ಕಾಲೇಜುಗಳಿಗೆ ಮಾರುವ ಟ್ರೇನರುಗಳಲ್ಲಿ ಮೇಷ್ಟ್ರು ಬೇಕೆಂದೇ ದೋಷ ಹಾಕಲು ಆಗುವಂಥವು ಇವೆ. ಅದನ್ನು ವಾರವಾರ ಬಳಸುತ್ತಾರಾ, ಸೆಮಿಸ್ಟರಿಗೊಮ್ಮೆ ಬಳಸುತ್ತಾರಾ? ಪರೀಕ್ಷೆಯಲ್ಲಿ ಕೆಟ್ಟ ಮೆಷಿನ್ ಕೊಡುತ್ತಾರಾ, ಪ್ರಶ್ನೆಪತ್ರಿಕೆ ಮಾತ್ರವೋ? ಸಂಜೆ, ಶನಿವಾರ ಲ್ಯಾಬ್ ತೆರೆದಿರುತ್ತದಾ?

ಹಳೆಯ ಮೆಷಿನ್ ಕಂಡರೆ ಮುಖ ಸಿಂಡರಿಸಬೇಡಿ. ಯಾವುದೋ ಕಾರ್ಖಾನೆ ದಾನ ಕೊಟ್ಟ, ಡ್ರಾಯಿಂಗ್ ಅರ್ಧ ಕಳೆದುಹೋದ ಕನ್ವೇಯರಿನಲ್ಲಿ ಕಲಿತವರು ಕೆಲಸದಲ್ಲಿ ಬೇಗ ಕುದುರಿಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಸಿಗುವುದೂ ಅಂಥವೇ ಅಲ್ವಾ. ಪೂರ್ತಿ ಆನ್‌ಲೈನ್ ಕೋರ್ಸ್ ಬಗ್ಗೆ ನನಗೆ ಅನುಮಾನವಿದೆ. ಲ್ಯಾಡರ್ ತರ್ಕವನ್ನು ಸಿಮ್ಯುಲೇಟರಿನಲ್ಲಿ ಚೆನ್ನಾಗಿಯೇ ಕಲಿಯಬಹುದು. ಆದರೆ ಸಡಿಲ ಟರ್ಮಿನಲ್, ತುಕ್ಕು ಹಿಡಿದ ಕನೆಕ್ಟರ್, ಪ್ಯಾನಲ್ ಬಾಗಿಲು ಹಾಕಿದಾಗ ಮಾತ್ರ ಸಂಪರ್ಕ ತಪ್ಪುವ ವೈರ್, ಇವು ಪರದೆಯ ಮೇಲೆ ಸಿಗುವುದಿಲ್ಲ.

ಲ್ಯಾಬಿನಲ್ಲಿ ನಾನು ಕೊಡುವ ಒಂದು ದೋಷ ಇದೆ. ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರ್ 4ರಿಂದ 20 ಮಿಲಿಆಂಪ್ ಕಳಿಸುತ್ತದೆ. ಟ್ಯಾಂಕ್ ಖಾಲಿ ಅಂದರೆ 4, ತುಂಬಿದರೆ 20. ನಾನು ಒಂದು ವೈರ್ ಬಿಚ್ಚಿಡುತ್ತೇನೆ. ಪರದೆಯ ಮೇಲೆ ಟ್ಯಾಂಕ್ ಖಾಲಿ ಅಂತ ಬರುತ್ತದೆ. ಹೊಸಬರು ತಕ್ಷಣ ಪಂಪಿನ ಕಡೆ ಓಡುತ್ತಾರೆ. ಮೀಟರ್ ಹಾಕಿ ನೋಡಿದವರಿಗೆ 0 ಕಾಣುತ್ತದೆ. ನಿಜವಾಗಿ ಖಾಲಿ ಇದ್ದಿದ್ದರೆ 4 ಇರಬೇಕಿತ್ತು. ಸೊನ್ನೆ ಅಂದರೆ ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ. ಅಳತೆ 4ರಿಂದ ಶುರುವಾಗುವುದೇ ಈ ಎರಡನ್ನೂ ಬೇರೆ ಮಾಡಿ ತೋರಿಸಲು. ಪುಸ್ತಕದಲ್ಲಿ ಇದು ಒಂದು ಸಾಲು. ಮೀಟರ್ ಕೈಯಲ್ಲಿ ಹಿಡಿದು ಕಂಡುಕೊಂಡವರು ಮರೆಯುವುದಿಲ್ಲ.

ಸುರಕ್ಷತೆಯ ಪಾಠ ಬೇಸರ ಅನ್ನುವವರಿಗೆ ನನ್ನ ಲ್ಯಾಬಿನಲ್ಲಿ ಜಾಗವಿಲ್ಲ. ಅಮೆರಿಕದ ಕಾರ್ಖಾನೆಗಳಲ್ಲಿ ಮೂರು ಫೇಸಿನ 480 ವೋಲ್ಟ್ ಸಾಮಾನ್ಯ. ರಿಪೇರಿಗೆ ಮುಂಚೆ ಮೆಷಿನ್ನಿನ ಶಕ್ತಿಮೂಲಗಳನ್ನೆಲ್ಲ ಆಫ್ ಮಾಡಿ ಬೀಗ ಹಾಕುವುದು ಓಶಾ, ಅಂದರೆ ಕೆಲಸದ ಜಾಗದ ಸುರಕ್ಷತೆ ನೋಡುವ ಫೆಡರಲ್ ಸಂಸ್ಥೆ, ಅದರ ನಿಯಮ 1910.147. ಅದಕ್ಕೆ ಲಾಕ್‌ಔಟ್ ಟ್ಯಾಗ್‌ಔಟ್ ಅನ್ನುತ್ತಾರೆ. ಪ್ರತಿಯೊಬ್ಬರಿಗೂ ಅವರದೇ ಬೀಗ, ಅವರದೇ ಕೀಲಿ. ಕರೆಂಟ್ ತೆಗೆದರೆ ಮುಗಿಯಲಿಲ್ಲ. ಕೊಳವೆಯಲ್ಲಿ ಗಾಳಿ ಉಳಿದಿರುತ್ತದೆ, ಡ್ರೈವಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಮೇಲೆತ್ತಿದ ಭಾರ ಕೆಳಗೆ ಬೀಳಲು ಕಾಯುತ್ತಿರುತ್ತದೆ. ಬೀಗ ಹಾಕಿದ ಮೇಲೂ ಮೀಟರ್ ಹಿಡಿದು ಕರೆಂಟ್ ಇಲ್ಲ ಅಂತ ಪರೀಕ್ಷಿಸಿಯೇ ಕೈ ಹಾಕಬೇಕು.

ಇನ್ನು ಡಿಗ್ರಿಯ ವಿಷಯ. ಇಲ್ಲಿ ತುಂಬ ಜನ ಎಡವುತ್ತಾರೆ. ಕಮ್ಯುನಿಟಿ ಕಾಲೇಜಿನಲ್ಲಿ ಮೆಕಾಟ್ರಾನಿಕ್ಸ್‌ಗೆ ಹೆಚ್ಚಾಗಿ ಕೊಡುವುದು ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್, ಅಂದರೆ ಎಎಎಸ್. ಇದು ನೇರವಾಗಿ ಕೆಲಸಕ್ಕೆ ಹೋಗುವವರಿಗೆ. ಎಎಸ್, ಅಂದರೆ ಅಸೋಸಿಯೇಟ್ ಆಫ್ ಸೈನ್ಸ್, ಅನ್ನುವುದು ಬೇರೆ, ಅದು ನಾಲ್ಕು ವರ್ಷದ ಡಿಗ್ರಿಗೆ ದಾಟಿಕೊಳ್ಳುವವರಿಗೆ. ಎಎಎಸ್‌ನಲ್ಲಿ ಮಾಡುವ ಟೆಕ್ನಿಕಲ್ ಮ್ಯಾಥ್ ಅನ್ನು ಇಂಜಿನಿಯರಿಂಗ್ ಬ್ಯಾಚುಲರ್ ಕೋರ್ಸುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ಕ್ಯಾಲ್ಕುಲಸ್, ಅದಕ್ಕೆ ತಕ್ಕ ಭೌತಶಾಸ್ತ್ರ ಬೇಕು. "ಮುಂದೆ ಇಂಜಿನಿಯರ್ ಆಗ್ತೀನಿ" ಅನ್ನುವ ಆಸೆ ಇದ್ದರೆ ಮೊದಲ ಸೆಮಿಸ್ಟರಿನಲ್ಲೇ ಹೇಳಿ, ಗಣಿತದ ದಾರಿ ಬದಲಿಸಿಕೊಳ್ಳಿ. ನಡುವಿನ ದಾರಿಯೂ ಇದೆ. ಇಂಜಿನಿಯರಿಂಗ್ ಟೆಕ್ನಾಲಜಿ ಬ್ಯಾಚುಲರ್ ಕೋರ್ಸುಗಳಲ್ಲಿ ಎಎಎಸ್ ಕ್ರೆಡಿಟ್‌ಗಳನ್ನು ಒಪ್ಪುವವು ಇವೆ. ಯಾವ ವಿಶ್ವವಿದ್ಯಾಲಯ ಎಷ್ಟು ಕ್ರೆಡಿಟ್ ಒಪ್ಪುತ್ತದೆ ಅನ್ನುವ ಒಪ್ಪಂದ ಕಾಗದದ ಮೇಲೆ ಇರುತ್ತದೆ. ಬಾಯಿಮಾತು ನಂಬಬೇಡಿ, ಕಾಗದ ಕೇಳಿ.

ಸರ್ಟಿಫಿಕೇಟ್‌ಗಳು ಹಲವು. ಸೀಮೆನ್ಸ್‌ನ ಮೆಕಾಟ್ರಾನಿಕ್ಸ್ ಸರ್ಟಿಫಿಕೇಟ್ ಮೂರು ಹಂತದ್ದು. ಮೊದಲೆರಡು ಹಂತ ಈ ಕಾಲೇಜುಗಳ ಮಟ್ಟಕ್ಕೆ ಸರಿಹೊಂದುತ್ತವೆ. ಫ್ಯಾನಕ್ ರೋಬಾಟಿನದೂ ಇದೆ. ಅರ್ಜಿ ನೋಡುವಾಗ ಇವು ಕಣ್ಣಿಗೆ ಬೀಳುತ್ತವೆ, ಅಷ್ಟೇ. ಸಂದರ್ಶನದಲ್ಲಿ ನಾನು ಮುಂದಿಡುವುದು ಒಂದು ಎಲೆಕ್ಟ್ರಿಕಲ್ ಡ್ರಾಯಿಂಗ್ ಮತ್ತು "ಈ ಮೋಟಾರ್ ಓಡುತ್ತಿಲ್ಲ, ಮೊದಲು ಮೀಟರ್ ಎಲ್ಲಿ ಇಡ್ತೀರಿ, ಯಾಕೆ?" ಅನ್ನುವ ಪ್ರಶ್ನೆ.

ಓದುತ್ತಲೇ ಸಂಬಳ ಪಡೆಯುವ ಕೋರ್ಸುಗಳು ಸಿಕ್ಕರೆ ಬಿಡಬೇಡಿ. ಟೊಯೊಟಾ ಕೆಂಟಕಿಯಲ್ಲಿ ಶುರು ಮಾಡಿದ ಫೇಮ್ ಅನ್ನುವ ವ್ಯವಸ್ಥೆ ಈಗ ಹಲವು ರಾಜ್ಯಗಳಲ್ಲಿದೆ. ಅದರ ಸಾಮಾನ್ಯ ಕ್ರಮ ಹೀಗೆ: ವಾರದಲ್ಲಿ ಎರಡು ದಿನ ತರಗತಿ, ಮೂರು ದಿನ ಕಾರ್ಖಾನೆ, ಐದು ಸೆಮಿಸ್ಟರ್. ದಕ್ಷಿಣ ಕೆರೊಲಿನಾದಲ್ಲಿ ಬಿಎಂಡಬ್ಲ್ಯು ಅಲ್ಲಿನ ಟೆಕ್ನಿಕಲ್ ಕಾಲೇಜುಗಳ ಜೊತೆ ಇಂಥದೇ ಒಂದನ್ನು ನಡೆಸುತ್ತದೆ. ಸೋಮವಾರ ತರಗತಿಯಲ್ಲಿ ಓದಿದ ವಾಲ್ವ್ ಬುಧವಾರ ಕಾರ್ಖಾನೆಯಲ್ಲಿ ಎದುರಾಗುತ್ತದೆ. ಇದಕ್ಕಿಂತ ಒಳ್ಳೆಯ ಹೋಂವರ್ಕ್ ಇಲ್ಲ.

ಖರ್ಚು ಈ ಕಾಲೇಜುಗಳ ದೊಡ್ಡ ಅನುಕೂಲ. ಸ್ಥಳೀಯರಿಗೆ ವರ್ಷದ ಬೋಧನಾ ಶುಲ್ಕ ದೇಶದ ಸರಾಸರಿಯಲ್ಲಿ ಸುಮಾರು 4,000 ಡಾಲರ್. ಆದಾಯ ಕಡಿಮೆ ಇರುವ ಮನೆಯವರಿಗೆ ಪೆಲ್ ಗ್ರಾಂಟ್ ಅನ್ನುವ ಫೆಡರಲ್ ಸರ್ಕಾರದ ನೆರವು ಸಿಗುತ್ತದೆ. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಇತ್ತು. ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಮೊದಲು ಎಫ್‌ಎಎಫ್‌ಎಸ್‌ಎ ಅನ್ನುವ ಸರ್ಕಾರಿ ನೆರವಿನ ಅರ್ಜಿ ತುಂಬಬೇಕು.

ಹೊರದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಬರುವವರ ಲೆಕ್ಕವೇ ಬೇರೆ. ಪೆಲ್ ಸಿಗುವುದಿಲ್ಲ, ಶುಲ್ಕವೂ ಸ್ಥಳೀಯರಿಗಿಂತ ಜಾಸ್ತಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಸೋಸಿಯೇಟ್ ಡಿಗ್ರಿ ಮುಗಿಸಿದರೆ 12 ತಿಂಗಳ ಓಪಿಟಿಗೆ, ಅಂದರೆ ಓದಿದ ವಿಷಯದಲ್ಲೇ ತಾತ್ಕಾಲಿಕ ಕೆಲಸಕ್ಕೆ, ಅವಕಾಶವಿದೆ. ಆದರೆ ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆಯ 24 ತಿಂಗಳು ಬ್ಯಾಚುಲರ್ ಅಥವಾ ಅದಕ್ಕೂ ಮೇಲಿನ ಡಿಗ್ರಿಗೆ ಮಾತ್ರ. ಎಚ್-1ಬಿ ಕೆಲಸದ ವೀಸಾ ಕೂಡ ಬ್ಯಾಚುಲರ್ ಮಟ್ಟದ ಓದು ಬೇಡುವ ಕೆಲಸಗಳಿಗೆ. ಹಾಗಾಗಿ ಬರೀ ಎಎಎಸ್ ನಂಬಿ ದೂರದಿಂದ ಬರುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಈಗಾಗಲೇ ಇಲ್ಲಿ ನೆಲೆಸಿ, ಕೆಲಸದ ಅನುಮತಿ ಇರುವವರಿಗೆ ಇದು ಬಹಳ ಒಳ್ಳೆಯ ದಾರಿ. ಮಧ್ಯವಯಸ್ಸಿನಲ್ಲಿ ಕೆಲಸ ಬದಲಿಸುವವರು ನನ್ನ ಸಂಜೆ ತರಗತಿಯಲ್ಲಿ ಯಾವಾಗಲೂ ಇರುತ್ತಾರೆ. ಸಾಮಾನ್ಯವಾಗಿ ಅವರೇ ಚೆನ್ನಾಗಿ ಮಾಡುತ್ತಾರೆ.

ಮೊದಲ ಕೆಲಸ ಬಹುಪಾಲು ರಾತ್ರಿ ಪಾಳಿ. ಹಗಲು ಪಾಳಿ ಹಳಬರದ್ದು. ರಾತ್ರಿ ಇಂಜಿನಿಯರುಗಳು ಇರುವುದಿಲ್ಲ, ಕೆಟ್ಟದ್ದೆಲ್ಲ ನಿಮ್ಮ ಪಾಲಿಗೇ ಬರುತ್ತದೆ. ಮೊದಲ ವರ್ಷ ಕಷ್ಟ, ಆದರೆ ಹಗಲಿನವರಿಗಿಂತ ಬೇಗ ಕಲಿಯುತ್ತೀರಿ. ಕೆಲಸದ ಪತ್ರಕ್ಕೆ ಸಹಿ ಹಾಕುವ ಮುಂಚೆ ಕಂಪನಿ ಓದಿನ ಖರ್ಚು ಕೊಡುತ್ತದಾ ಅಂತ ಕೇಳಿ. ಉದ್ಯೋಗದಾತರು ಕೊಡುವ ಶಿಕ್ಷಣದ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ನಿಮಗೆ ಫೆಡರಲ್ ಆದಾಯ ತೆರಿಗೆ ಬೀಳದಂತೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಬಿಟ್ಟಿದ್ದ ಕ್ಯಾಲ್ಕುಲಸ್ ಅನ್ನು ಆ ದುಡ್ಡಿನಲ್ಲಿ ಮುಗಿಸಿದವರು ಇದ್ದಾರೆ. ದುಡ್ಡು ಕೊಟ್ಟ ಮೇಲೆ ಎಷ್ಟು ದಿನ ಅಲ್ಲೇ ಇರಬೇಕು ಅನ್ನುವ ಷರತ್ತು ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರಬಹುದು, ಅದನ್ನೂ ಓದಿ.