ಕಾರವಾರದ ಮಳೆಗೆ ನರ ಹೊದಿಸಿದ ಬಿಲ್ಲು ತಾಳುತ್ತಾ?

ಓದುಗರ ಪ್ರಶ್ನೆ: ನಾನೇ ಕೆತ್ತಿದ ಮರದ ಬಿಲ್ಲಿನ ಬೆನ್ನಿಗೆ ಪ್ರಾಣಿಯ ನರ ಅಂಟಿಸಬೇಕು ಅಂತಿದ್ದೇನೆ. ನಮ್ಮದು ಕಾರವಾರ. ಇಲ್ಲಿನ ಮಳೆಗಾಲದಲ್ಲಿ ಅದು ಉಳಿಯುತ್ತಾ?

ಉಳಿಯುತ್ತದೆ. ಆದರೆ ಅಂಟಿಸುವ ತಿಂಗಳು ಸರಿ ಇರಬೇಕು, ಮೇಲಿನ ಲೇಪ ಎಲ್ಲೂ ಬಿಟ್ಟುಹೋಗಿರಬಾರದು. ಎರಡರಲ್ಲೂ ತಪ್ಪಿ ನಾನು ಒಂದು ಬಿಲ್ಲು ಕಳೆದುಕೊಂಡಿದ್ದೇನೆ. ಮೇ ಕೊನೆಗೆ ಅಂಟಿಸಿದೆ. ಜೂನ್ ಎರಡನೇ ವಾರ ಮುಟ್ಟಿ ನೋಡಿದರೆ ಬೆನ್ನು ನೆನೆದ ಹಪ್ಪಳದ ಹಾಗೆ ಮೆತ್ತಗಿತ್ತು. ಉಗುರು ಊರಿದರೆ ಗುರುತು ಬೀಳುತ್ತಿತ್ತು. ಹೆದೆ ಏರಿಸಿದ ದಿನ ಬಾಗಿದ ಬಿಲ್ಲು ಮತ್ತೆ ನೆಟ್ಟಗಾಗಲಿಲ್ಲ.

ಯಾಕೆ ಹೀಗಾಗುತ್ತದೆ? ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಮರ ನೂರಕ್ಕೆ ಸುಮಾರು ಒಂದು ಪಾಲು ಹಿಗ್ಗಿದರೆ ಸೀಳತೊಡಗುತ್ತದೆ. ನರ, ಅಂದರೆ ಮಾಂಸವನ್ನು ಎಲುಬಿಗೆ ಕಟ್ಟಿರುವ ಆ ಬಿಳಿ ಹುರಿ, ಅದರ ಹಲವು ಪಟ್ಟು ಹಿಗ್ಗಿ ವಾಪಸ್ ಬರುತ್ತದೆ. ಒಣಗುವಾಗ ಕುಗ್ಗಿ ಬಿಲ್ಲನ್ನೇ ಹಿಂದಕ್ಕೆ ಎಳೆಯುತ್ತದೆ, ಅದರಿಂದ ಬಲ ಇನ್ನೂ ಜಾಸ್ತಿಯಾಗುತ್ತದೆ. ಆದರೆ ನರವೂ ಕೊಲಾಜನ್ ಅನ್ನುವ ಪ್ರೋಟೀನು, ಚರ್ಮ ಬೇಯಿಸಿ ತೆಗೆದ ಸರೇಸು ಅಂಟೂ ಕೊಲಾಜನ್ನಿನದ್ದೇ. ತೇವ ಕುಡಿದರೆ ಎರಡೂ ಸೋಲುತ್ತವೆ. ಜುಲೈನಲ್ಲಿ ಕಾರವಾರದ ಗಾಳಿಯಲ್ಲಿ ತೇವ ಶೇಕಡಾ 80 ದಾಟಿಯೇ ಇರುತ್ತದೆ. ತುರ್ಕರು, ಮೊಘಲರು ಕೊಂಬು, ಮರ, ನರ ಸೇರಿಸಿ ಮಾಡಿದ ಬಿಲ್ಲುಗಳು ಒಣಹವೆಯಲ್ಲಿ ಹುಟ್ಟಿದವು. ಮಳೆಯ ನಾಡಿನವರು ಬಿದಿರನ್ನೇ ನಂಬಿದ್ದು ಸುಮ್ನೆ ಅಲ್ಲ.

ಹಾಗಾಗಿ ಮೊದಲು ಬಿಲ್ಲಿನ ಉದ್ದ ನೋಡಿ. ಆಳೆತ್ತರದ ಬಿದಿರಿನ ಬಿಲ್ಲಾದರೆ ನರ ಬೇಡವೇ ಬೇಡ, ಸುಮ್ನೆ ತೂಕ. ನಾಲ್ಕೂವರೆ ಅಡಿಗಿಂತ ಗಿಡ್ಡ ಇದ್ದು, ಪೂರ್ತಿ ಎಳೆಯುವ ಆಸೆ ಇದ್ದರೆ ಮಾತ್ರ ಈ ಶ್ರಮಕ್ಕೆ ಬೆಲೆ. ಮರಕ್ಕೆ ದಡಸಲು ನನ್ನ ಮೆಚ್ಚಿನದು. ಗಾಡಿಯ ಮೂಕಿಗೆ, ಕೊಡಲಿ ಕಾವಿಗೆ ಬರುವಷ್ಟು ಗಟ್ಟಿ, ಬಾಗಿಸಿದರೆ ಬಾಗುತ್ತದೆ.

ನರವನ್ನು ಮಟನ್ ಅಂಗಡಿಯಲ್ಲಿ ಕೇಳಿ, ಆಡಿನ ಕಾಲಿನದು. ಗೇಣುದ್ದಕ್ಕಿಂತ ಕಡಿಮೆ ಸಿಗುತ್ತದೆ, ಪರವಾಗಿಲ್ಲ. ಕಾಡಿನ ಜಿಂಕೆ, ಕಡವೆಯ ನರ ಯಾರಾದರೂ ಕೊಟ್ಟರೂ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ನರವನ್ನು ಪೂರ್ತಿ ಒಣಗಿಸಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿಯಿರಿ. ಮೊದಲು ಗಾಜಿನ ಹಾಗೆ ಹಳದಿ ಇರುತ್ತದೆ. ಬಡಿಯುತ್ತಾ ಬಂದಂತೆ ಬೆಳ್ಳಗಾಗಿ, ಬಾಳೆನಾರಿನ ಹಾಗೆ ಎಳೆ ಬಿಡುತ್ತದೆ. ಕೈಯಿಂದ ಸೀಳಿ, ಉದ್ದದ ಪ್ರಕಾರ ಕಟ್ಟು ಮಾಡಿ. ಬಿಲ್ಲಿನ ಬೆನ್ನನ್ನು ಬೂದಿನೀರಲ್ಲಿ ಉಜ್ಜಿ ಜಿಡ್ಡು ತೆಗೆಯಿರಿ. ಬೆರಳಿನ ಜಿಡ್ಡು ಉಳಿದರೂ ಅಂಟು ಬಿಡುತ್ತದೆ. ಸರೇಸನ್ನು ತಣ್ಣೀರಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಶಾಖ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಸಾಕು. ಕುದಿಸಿದರೆ ಅಂಟಿನ ಹಿಡಿತವೇ ಹೋಗುತ್ತದೆ. ಎಳೆಯ ಕಟ್ಟನ್ನು ಅಂಟಲ್ಲಿ ಅದ್ದಿ, ಎರಡು ಬೆರಳ ನಡುವೆ ಹಿಂಡಿ, ಹಿಡಿಯಿಂದ ತುದಿಯ ಕಡೆಗೆ ಮಲಗಿಸಿ. ಇಟ್ಟಿಗೆ ಕಟ್ಟಿದ ಹಾಗೆ ಒಂದರ ಕೊನೆ ಇನ್ನೊಂದರ ನಡುವಿಗೆ ಬರಬೇಕು. ಎರಡು ಪದರ ಸಾಕು, ನಡುವೆ ಕೆಲವು ದಿನ ಬಿಡಿ.

ಇನ್ನು ಕಾಲ. ಶಿರಸಿ ಕಡೆ ಅಡಿಕೆಯ ಕೊನೆಕೊಯ್ಲು ನಡೆಯುವ ಹೊತ್ತು, ಡಿಸೆಂಬರ್‌ನಿಂದ ಫೆಬ್ರವರಿ, ಇದಕ್ಕೂ ಒಳ್ಳೆಯದು. ಆಗ ಘಟ್ಟದ ಮೇಲಿನ ಗಾಳಿ ಒಣ. ಅಲ್ಲಿ ನೆಂಟರಿದ್ದರೆ ಬಿಲ್ಲನ್ನು ಅಲ್ಲೇ ಬಿಟ್ಟು ಬನ್ನಿ, ನೆರಳಲ್ಲಿ ಒಣಗಲಿ. ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ಹೇಳಲು ಆಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ವಾರ ತೂಕ ಇಳಿಯದೇ ನಿಂತರೆ ಒಣಗಿದೆ ಎಂದು ಅರ್ಥ. ಒಂದು ತಿಂಗಳಾದರೂ ಬೇಕು, ಎರಡಾದರೆ ಇನ್ನೂ ಒಳ್ಳೆಯದು. ಅಲ್ಲಿವರೆಗೆ ಹೆದೆ ಏರಿಸಬೇಡಿ. ಆಮೇಲೆ ಬಾಗು ಸರಿ ಮಾಡುವಾಗ ಹೊಟ್ಟೆಯನ್ನು ಮಾತ್ರ ಹೆರೆಯಿರಿ. ಬೆನ್ನಿನ ನರಕ್ಕೆ ಕತ್ತಿ ತಾಗಲೇಬಾರದು.

ಲೇಪಕ್ಕೆ ನನ್ನ ಆಯ್ಕೆ ದೋಣಿಗೆ ಹಚ್ಚುವ ವಾರ್ನಿಷ್. ಅರಗಿನ ಪಾಲಿಶ್ ಚಂದ, ಆದರೆ ದಪ್ಪ ಹಚ್ಚಿದರೆ ಬಾಗುವಾಗ ಬಿರಿಯುತ್ತದೆ. ಬರೀ ಅಗಸೆಎಣ್ಣೆ ಈ ಮಳೆಗೆ ಸಾಲದು. ವಾರ್ನಿಷನ್ನು ತೆಳ್ಳಗೆ ನಾಲ್ಕೈದು ಸಲ ಹಚ್ಚಿ, ಪ್ರತಿ ಸಲ ಪೂರ್ತಿ ಒಣಗಲು ಬಿಡಿ. ಜಾಸ್ತಿ ಜನ ಮರೆಯುವುದು ಹೆದೆ ಸಿಕ್ಕಿಸುವ ಕಚ್ಚಿನ ಒಳಗೆ, ಹಿಡಿಯ ಬಟ್ಟೆಯ ಅಡಿಗೆ. ತೇವ ನುಗ್ಗುವುದೇ ಅಲ್ಲಿಂದ.

ಜೂನ್ ಬಂತೆಂದರೆ ಹೆದೆ ಇಳಿಸಿ, ಬಿಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ ಇಟ್ಟು ಎರಡೂ ಬಾಯಿ ಮುಚ್ಚಿ. ಅಕ್ಟೋಬರ್‌ನಲ್ಲಿ ತೆಗೆದು ಮತ್ತೆ ತೂಗಿ. ತೂಕ ಏರಿದ್ದರೆ ಹಳೆಯ ತೂಕಕ್ಕೆ ಇಳಿಯುವವರೆಗೆ ಹೆದೆ ಮುಟ್ಟಬೇಡಿ.